ಫಾರ್ಮ್ಯಾಟ್ ಮಾಡಿಸುವ ಮೊದಲು

ಪ್ರಶ್ನೆ: ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಕೆಲಸದ ಹುಡುಗ ಫೋಟೊ ತಿದ್ದುವ ತಂತ್ರಾಂಶದ ಕ್ರ್ಯಾಕ್ (ಪರವಾನಗಿ ಮುರಿದ ಕಳ್ಳ) ಪ್ರತಿಯೊಂದನ್ನು ಡೌನ್‌ಲೋಡ್ ಮಾಡಿ ಹಾಕಿದ. ವಿಂಡೋಸ್ ಅಪ್‌ಡೇಟ್ ಆಗುತ್ತಿದೆ ಎಂಬಂತೆ ಸ್ವಲ್ಪ ಹೊತ್ತು ಪರದೆಯ ಮೇಲೆ ಕಾಣಿಸಿತು. ಆಮೇಲೆ ನೋಡಿದರೆ ಮದುವೆ ಫೋಟೊಗಳ ಹೆಸರಿನ ತುದಿಗೆಲ್ಲ ಅರ್ಥವಿಲ್ಲದ ನಾಲ್ಕು ಅಕ್ಷರಗಳು ಸೇರಿಕೊಂಡಿವೆ, ಒಂದೂ ತೆರೆಯುತ್ತಿಲ್ಲ. ಫೋಲ್ಡರುಗಳಲ್ಲಿ ‘ರೀಡ್‌ಮಿ’ ಎಂಬ ಫೈಲ್ ಇದ್ದು, 980 ಡಾಲರ್ ಕೊಡಬೇಕು, 72 ಗಂಟೆಯೊಳಗೆ ಸಂಪರ್ಕಿಸಿದರೆ 490 ಸಾಕು ಎಂದು ಬರೆದಿದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?
– ಸ್ಟುಡಿಯೊ ಮಾಲೀಕರು, ದಾವಣಗೆರೆ

ಉತ್ತರ: ಸದ್ಯಕ್ಕೆ ಫಾರ್ಮ್ಯಾಟ್ ಮಾಡಿಸಬೇಡಿ, ಹಣವನ್ನೂ ಕಳುಹಿಸಬೇಡಿ. ಕ್ರ್ಯಾಕ್ ಪ್ರತಿ, ಸುಳ್ಳು ಅಪ್‌ಡೇಟ್ ಪರದೆ, 980ರ ಲೆಕ್ಕ, ಈ ಮೂರೂ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂದು ಕರೆಯಲಾಗುವ, ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ್‍ಯಾನ್ಸಮ್‌ವೇರ್ ಕುಟುಂಬದ ಲಕ್ಷಣಗಳು. ಇದನ್ನು ಕಂಪ್ಯೂಟರಿನಿಂದ ತೆಗೆಯುವುದು ಬೇರೆ, ಫೈಲುಗಳನ್ನು ಬಿಡಿಸಿಕೊಳ್ಳುವುದು ಬೇರೆ. ಕಳ್ಳನನ್ನು ಮನೆಯಿಂದ ಓಡಿಸಿದರೂ ಅವನು ಜಡಿದ ಬೀಗ ಹಾಗೆಯೇ ಉಳಿಯುವಂತೆ, ಆಂಟಿವೈರಸ್ ಈ ತಂತ್ರಾಂಶವನ್ನು ಅಳಿಸಿದ ಮಾತ್ರಕ್ಕೆ ಫೋಟೊಗಳು ತೆರೆದುಕೊಳ್ಳುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ತಂತ್ರಾಂಶವು ತನ್ನ ಒಡೆಯರ ಸರ್ವರನ್ನು ಸಂಪರ್ಕಿಸಿ ನಿಮ್ಮ ಕಂಪ್ಯೂಟರಿಗೆಂದೇ ಪ್ರತ್ಯೇಕ ಕೀಲಿಯೊಂದನ್ನು ತರಿಸಿಕೊಳ್ಳುತ್ತದೆ. ಸಂಪರ್ಕ ಸಿಗದಿದ್ದರೆ ತನ್ನೊಳಗೇ ಇರುವ ಸಿದ್ಧ ಕೀಲಿಯನ್ನು ಬಳಸುತ್ತದೆ. ವಿಂಡೋಸ್ ಇಟ್ಟುಕೊಂಡಿರುವ ಹಳೆಯ ಆವೃತ್ತಿಗಳ ನಕಲುಗಳನ್ನು ಅಳಿಸುತ್ತದೆ. ಸಹಾಯ ಹುಡುಕಲಾಗದಂತೆ ಯಾವ ಜಾಲತಾಣದ ವಿಳಾಸ ಎಲ್ಲಿಗೆ ಹೋಗಬೇಕೆಂದು ಹೇಳುವ ‘ಹೋಸ್ಟ್ಸ್’ ಫೈಲನ್ನು ತಿದ್ದಿ ಭದ್ರತಾ ತಾಣಗಳನ್ನು ತಡೆಯುವುದೂ ಉಂಟು. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಟಾಸ್ಕ್ ಶೆಡ್ಯೂಲರಿನಲ್ಲಿ ತನ್ನನ್ನು ಸೇರಿಸಿಕೊಂಡು ಮತ್ತೆ ಮತ್ತೆ ಓಡುವುದರಿಂದ, ಈಗ ನೀವು ಪೆನ್‌ಡ್ರೈವ್ ಚುಚ್ಚಿದರೆ ಅದರಲ್ಲಿರುವ ಫೈಲುಗಳೂ ಹೋಗುತ್ತವೆ. ಜೊತೆಯಲ್ಲೇ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನು ತಂದಿರುವ ಸಾಧ್ಯತೆ ಇದೆ. ಆದ್ದರಿಂದ ಇಮೇಲ್, ಬ್ಯಾಂಕ್ ಪಾಸ್‌ವರ್ಡುಗಳನ್ನು ಬೇರೊಂದು ಸಾಧನದಿಂದ ಇಂದೇ ಬದಲಾಯಿಸಿ.

ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತು ಕಂಪ್ಯೂಟರ್ ಆರಿಸಿ. ಹಾರ್ಡ್‌ಡಿಸ್ಕನ್ನು ಹೊರತೆಗೆಸಿ, ತಿಳಿದವರ ಕೈಯಿಂದ ಮತ್ತೊಂದು ಶುದ್ಧ ಯಂತ್ರಕ್ಕೆ ಜೋಡಿಸಿ, ಬೀಗ ಬಿದ್ದ ಫೈಲುಗಳನ್ನೂ ರೀಡ್‌ಮಿ ಪತ್ರವನ್ನೂ ಹೊಸ ಡಿಸ್ಕಿಗೆ ನಕಲು ಮಾಡಿಸಿ. ಆಮೇಲೆ ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕಿಸುವುದೇ ನಿಶ್ಚಿಂತೆಯ ದಾರಿ. ಅದು ಆಗದಿದ್ದರೆ ಮೈಕ್ರೋಸಾಫ್ಟ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ನಡೆಸಿ, ಶೆಡ್ಯೂಲರ್ ಮತ್ತು ಹೋಸ್ಟ್ಸ್ ಫೈಲನ್ನು ಪರಿಶೀಲಿಸಬೇಕು. ನಿಮ್ಮ ರಿಪೇರಿಯವರ ಸಲಹೆ ತಪ್ಪಲ್ಲ, ಕೊನೆಗೆ ಮಾಡಬೇಕಾದದ್ದನ್ನು ಅವರು ಮೊದಲಿಗೆ ಹೇಳುತ್ತಿದ್ದಾರೆ.

ಈಗ ಆ ಪತ್ರದ ತಳಭಾಗದಲ್ಲಿರುವ ‘ಪರ್ಸನಲ್ ಐಡಿ’ಯನ್ನು ನೋಡಿ. ಅದು ‘ಟಿ1’ (t1) ಎಂದು ಕೊನೆಯಾಗಿದ್ದರೆ ಸಿದ್ಧ ಕೀಲಿ ಬಳಕೆಯಾಗಿದೆ ಎಂದರ್ಥ; ಎಮ್ಸಿಸಾಫ್ಟ್ ಸಂಸ್ಥೆಯ ಉಚಿತ ಡಿಕ್ರಿಪ್ಟರಿಗೆ (ಬೀಗ ಬಿಡಿಸುವ ತಂತ್ರಾಂಶಕ್ಕೆ) ಆ ಆವೃತ್ತಿಯ ಕೀಲಿ ಸಿಕ್ಕಿದ್ದರೆ ಫೈಲುಗಳು ಮರಳುತ್ತವೆ. ಡಚ್ ಪೊಲೀಸರು, ಯುರೋಪೋಲ್ ಮತ್ತು ಭದ್ರತಾ ಕಂಪನಿಗಳು 2016ರಲ್ಲಿ ಆರಂಭಿಸಿದ ‘ನೋ ಮೋರ್ ರ್‍ಯಾನ್ಸಮ್’ ತಾಣದಲ್ಲಿ ಇಂತಹ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಬೇರೆ ರೀತಿ ಕೊನೆಯಾಗಿದ್ದರೆ ಕೀಲಿ ಅಪರಾಧಿಗಳ ಬಳಿ ಮಾತ್ರ ಇದೆ. ಹಣ ಕೊಟ್ಟವರಿಗೆಲ್ಲ ಅದು ಸಿಗುತ್ತದೆಂಬ ಖಾತರಿಯಿಲ್ಲ. ಶುಲ್ಕ ಕೊಟ್ಟರೆ ಬಿಡಿಸಿಕೊಡುತ್ತೇವೆ ಎನ್ನುವ ಅಂಗಡಿಗಳನ್ನೂ ನಂಬಬೇಡಿ.

ಸ್ಟುಡಿಯೊದವರಿಗೆ ಇನ್ನೆರಡು ದಾರಿಗಳಿವೆ. ಈ ಕುಟುಂಬದ ತಂತ್ರಾಂಶ ಅವಸರದ್ದು, ದೊಡ್ಡ ಫೈಲಿನಲ್ಲಿ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸುತ್ತದೆ. ಹಾಗಾಗಿ ಅದೇ ಕ್ಯಾಮೆರಾದಲ್ಲಿ ತೆಗೆದ ಒಳ್ಳೆಯ ಫೈಲೊಂದನ್ನು ಮಾದರಿಯಾಗಿಟ್ಟುಕೊಂಡು ಮದುವೆ ವಿಡಿಯೊಗಳನ್ನು ಬಹುಪಾಲು ದುರಸ್ತಿ ಮಾಡಲು ಸಾಧ್ಯ. ಇನ್ನೊಂದು, ಕ್ಯಾಮೆರಾದ ಮೆಮೊರಿ ಕಾರ್ಡುಗಳು. ಅವನ್ನು ಖಾಲಿ ಮಾಡಿದ್ದರೂ ಮೇಲೆ ಹೊಸದೇನನ್ನೂ ತೆಗೆಯದಿದ್ದರೆ ರಿಕವರಿ ತಂತ್ರಾಂಶದಿಂದ ಹಳೆಯ ಚಿತ್ರಗಳು ಸಿಗುವ ಸಂಭವ ಚೆನ್ನಾಗಿದೆ. ಕಾರ್ಡುಗಳನ್ನು ಇವತ್ತೇ ಎತ್ತಿಡಿ, ಮುಂದಿನ ಮದುವೆಗೆ ಹೊಸ ಕಾರ್ಡ್ ಕೊಳ್ಳಿ.

ದೂರನ್ನು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದಾಖಲಿಸಬಹುದು; ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಹೋಗಬಹುದು. ಹುಡುಗನನ್ನು ಬೈಯುವುದಕ್ಕಿಂತ, ಅವನು ದಿನಬಳಕೆಯಲ್ಲಿ, ಯಾವ ತಂತ್ರಾಂಶವನ್ನಾದರೂ ಹಾಕುವ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಬಳಸದಂತೆ ವ್ಯವಸ್ಥೆ ಮಾಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಂಪ್ಯೂಟರುಗಳೆಲ್ಲ ಒಂದೇ ನೆಟ್‌ವರ್ಕಿನಲ್ಲಿವೆ. ಒಂದಕ್ಕೆ ರ್‍ಯಾನ್ಸಮ್‌ವೇರ್ ತಗುಲಿದರೆ ಉಳಿದವಕ್ಕೂ ಹರಡುತ್ತದೆಯೇ? ಬ್ಯಾಕಪ್ ಡಿಸ್ಕನ್ನು ಸದಾ ಜೋಡಿಸಿಯೇ ಇಟ್ಟಿದ್ದೇವೆ.
– ಕಾರ್ಯದರ್ಶಿ, ಚಿತ್ರದುರ್ಗ

ಉತ್ತರ: ಹರಡಬಹುದು. 2017ರ ಮೇ ತಿಂಗಳಿನಲ್ಲಿ ಹರಡಿದ ವಾನಾಕ್ರೈ ಎಂಬ ಇಂತಹದೇ ತಂತ್ರಾಂಶ ಯಾರೂ ಏನನ್ನೂ ಕ್ಲಿಕ್ ಮಾಡದೆಯೇ, ವಿಂಡೋಸಿನ ಫೈಲ್ ಹಂಚಿಕೆಯ ದೋಷವೊಂದರ ಮೂಲಕ ಯಂತ್ರದಿಂದ ಯಂತ್ರಕ್ಕೆ ದಾಟಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತಿದ್ದುಪಡಿ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಿಮ್ಮಲ್ಲಿ ವಿಂಡೋಸ್ 7 ಇನ್ನೂ ಇದ್ದರೆ, 2020ರ ಜನವರಿಯಲ್ಲೇ ಅದರ ಸಾಮಾನ್ಯ ಬೆಂಬಲ ನಿಂತಿದೆ ಎಂಬುದನ್ನು ಗಮನಿಸಿ. ಹಂಚಿಕೊಂಡ ಫೋಲ್ಡರಿನಲ್ಲಿ ಬರೆಯುವ ಅನುಮತಿಯನ್ನು ಅಗತ್ಯವಿದ್ದವರಿಗೆ ಮಾತ್ರ ಕೊಡಿ. ಸದಾ ಜೋಡಿಸಿಟ್ಟ ಡಿಸ್ಕ್ ಉಳಿದ ಫೈಲುಗಳ ಜೊತೆಗೇ ಹೋಗುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ, ನಕಲು ಮುಗಿದ ಕೂಡಲೇ ಕಳಚಿ ತಿಜೋರಿಯಲ್ಲಿಡಿ. ಆಗಾಗ ಒಂದು ಲೆಡ್ಜರ್ ಫೈಲನ್ನಾದರೂ ಅದರಿಂದ ತೆರೆದು ಪರೀಕ್ಷಿಸಿ.