ಹಳೇ ಕಂಪ್ಯೂಟರ್ ಪದೇ ಪದೇ ಕೈಕೊಡ್ತಿದೆಯಾ? ಫಾರ್ಮ್ಯಾಟ್ ಸ್ವಲ್ಪ ತಡೆಯಿರಿ

ಪ್ರಶ್ನೆ: ನಮಸ್ಕಾರ ಸರ್. ಶಿರಸಿ ಕಡೆ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಾಡಿಗೆ ಕರಾರು, ಅರ್ಜಿ, ಪಹಣಿ ಪ್ರಿಂಟು, ಇಂಥದ್ದೇ ಕೆಲಸ. ಕಂಪ್ಯೂಟರ್ ಹಳೆಯದು. ಎರಡನೇ ತಲೆಮಾರಿನ ಐ3, ಎಚ್61 ಬೋರ್ಡು, 4 ಜಿಬಿಯ ಎರಡು ರ್‍ಯಾಮ್, ವಿಂಡೋಸ್ 10. ಈಚೆಗೆ ಎಸ್‌ಎಸ್‌ಡಿ ಹಾಕಿಸಿದ್ದೇವೆ. ಮಳೆಗಾಲ ಶುರುವಾದಾಗಿಂದ ಇದು ಯಾವಾಗ ಕೈಕೊಡುತ್ತದೆ ಅಂತ ಹೇಳುವ ಹಾಗಿಲ್ಲ. ಒಮ್ಮೊಮ್ಮೆ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತದೆ. ಒಮ್ಮೊಮ್ಮೆ ಏನೂ ತೋರಿಸದೆ ಫಕ್ ಅಂತ ಆಫ್. ಕೆಲವು ದಿನ ಬೆಳಗ್ಗೆಯಿಂದ ಸಂಜೆವರೆಗೆ ಏನೂ ತಕರಾರಿಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಿ ಕೊಟ್ಟರು, ವಾರದೊಳಗೆ ಮತ್ತೆ ಅದೇ ಕಥೆ. ಈಗ ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅಂತಿದ್ದಾರೆ. ಇಲ್ಲಿ ಕರೆಂಟ್ ಆಗಾಗ ಹೋಗುವುದರಿಂದ ಕಂಪ್ಯೂಟರ್, ಮಾನಿಟರ್, ಲೇಸರ್ ಪ್ರಿಂಟರ್ ಮೂರನ್ನೂ 600 ವಿಎ ಯುಪಿಎಸ್‌ಗೆ ಹಾಕಿದ್ದೇವೆ. ನುಡಿ, ಪೇಜ್‌ಮೇಕರ್, ಹಳೇ ಗಿರಾಕಿಗಳ ಫೈಲು ಎಲ್ಲ ಇದರಲ್ಲೇ ಇದೆ. ಏನು ಮಾಡಲಿ?

ಉತ್ತರ: ಮೊದಲು ಆ ಗಿರಾಕಿಗಳ ಫೈಲುಗಳನ್ನು ಬೇರೆ ಡಿಸ್ಕಿಗೋ ಪೆನ್‌ಡ್ರೈವಿಗೋ ಇವತ್ತೇ ನಕಲು ಮಾಡಿಕೊಳ್ಳಿ. ಮಿಕ್ಕಿದ್ದು ಆಮೇಲೆ.

ಹೊಸದಾಗಿ ವಿಂಡೋಸ್ ಹಾಕಿದ ಮೇಲೂ ಅದೇ ಕಾಟ ಬಂತು ಅಂದ್ರೆ ತಪ್ಪು ವಿಂಡೋಸ್‌ನದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. ಹಾಗಾಗಿ ಇನ್ನೊಂದು ಸಲ ಫಾರ್ಮ್ಯಾಟ್ ಮಾಡಿಸಬೇಡಿ. ನಮ್ಮ ಕಡೆ ಕಂಪ್ಯೂಟರ್ ಕೆಮ್ಮಿದರೂ ಫಾರ್ಮ್ಯಾಟ್, ಸೀನಿದರೂ ಫಾರ್ಮ್ಯಾಟ್. ಮದರ್‌ಬೋರ್ಡ್ ಬಗ್ಗೆಯೂ ಈಗಲೇ ತೀರ್ಮಾನ ಬೇಡ. ಬೋರ್ಡ್ ಕೆಟ್ಟಿದೆ ಅಂತ ಹೇಳಬೇಕಾದ್ದು ಬೇರೆ ಎಲ್ಲವನ್ನೂ ನೋಡಿ ಮುಗಿದ ಮೇಲೆ.

ನಿಮ್ಮ ಪತ್ರ ಓದಿದರೆ ಇಲ್ಲಿರುವುದು ಒಂದು ತೊಂದರೆಯಲ್ಲ, ಎರಡು ಅನಿಸುತ್ತದೆ. ನೀಲಿ ಪರದೆ ಬರುವುದು ಬೇರೆ, ಏನೂ ಹೇಳದೆ ಆಫ್ ಆಗುವುದು ಬೇರೆ. ನೀಲಿ ಪರದೆ ಬಂತು ಅಂದ್ರೆ ವಿಂಡೋಸ್‌ಗೆ ಏನೋ ಎಡವಟ್ಟಾಗಿದ್ದು ಗೊತ್ತಾಗಿದೆ, ಅದನ್ನು ಬರೆದಿಡುವಷ್ಟು ಹೊತ್ತೂ ಸಿಕ್ಕಿದೆ. ಫಕ್ ಅಂತ ಆಫ್ ಆದರೆ ಅದಕ್ಕೆ ಏನೂ ಗೊತ್ತೇ ಆಗಿಲ್ಲ, ಕಾಲ ಕೆಳಗಿನ ನೆಲವೇ ಹೋಗಿದೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಹುಡುಕಿದರೆ ಯಾವ ರಿಪೇರಿಯವರಿಗೂ ತಲೆಬುಡ ಸಿಗುವುದಿಲ್ಲ.

ಅದಕ್ಕೇ ಮೊದಲು ಬೇರ್ಪಡಿಸೋಣ. ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಡಿ. ಕೈಕೊಟ್ಟಾಗಲೆಲ್ಲ ಎಷ್ಟು ಗಂಟೆ, ಹೇಗೆ ಹೋಯಿತು, ಆ ಹೊತ್ತಿಗೆ ನೀವೇನು ಮಾಡುತ್ತಿದ್ದಿರಿ ಅಂತ ಒಂದು ಸಾಲು ಬರೆಯಿರಿ. ಇನ್ನೊಂದು ಕೆಲಸ: ‘ದಿಸ್ ಪಿಸಿ’ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿ ಸ್ಟಾರ್ಟಪ್ ಅಂಡ್ ರಿಕವರಿಯ ಸೆಟ್ಟಿಂಗ್ಸ್ ತೆರೆದು ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಇನ್ನು ಮೇಲೆ ನೀಲಿ ಪರದೆ ಬಂದರೆ ಓಡಿಹೋಗದೆ ನಿಂತಿರುತ್ತದೆ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೆಳಗೆ ‘ಸ್ಟಾಪ್ ಕೋಡ್’ ಅಂತ ಇರುತ್ತದಲ್ಲ, ಬೇಕಾದ್ದು ಅದು.

ಈಗಾಗಲೇ ಆದದ್ದಕ್ಕೂ ದಾಖಲೆ ಇದೆ. ಸ್ಟಾರ್ಟ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ. ‘ಕರ್ನಲ್ ಪವರ್ 41’ ಅನ್ನುವ ಕೆಂಪು ಗುರುತಿನ ಸಾಲು ಕಾಣುತ್ತದೆ. ಇದನ್ನು ನೋಡಿ ಪವರ್ ಸಪ್ಲೈ ಕೆಟ್ಟಿದೆ ಅಂತ ಹೇಳಿಬಿಡುವವರು ಬಹಳ ಮಂದಿ. 41 ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ಸಿಟ್ಟಿನಿಂದ ನೀವೇ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ 41 ಬರುತ್ತದೆ. ಆ ಸಾಲಿನ ‘ಡೀಟೇಲ್ಸ್’ ಒಳಗೆ ಬಗ್‌ಚೆಕ್ ಕೋಡ್ ನೋಡಿ. ಅಲ್ಲಿ ಸೊನ್ನೆ ಇದ್ದರೆ ನೀಲಿ ಪರದೆಯ ದಾಖಲೆ ಇಲ್ಲ, ಅಂದರೆ ಕರೆಂಟ್ ಕಡಿದಿದೆ ಇಲ್ಲವೇ ಗಟ್ಟಿಯಾಗಿ ಹ್ಯಾಂಗ್ ಆಗಿದೆ. ಬೇರೆ ಅಂಕಿ ಇದ್ದರೆ ಅದು ನೀಲಿ ಪರದೆಯ ಲೆಕ್ಕ.

ಈಗ ಫಕ್ ಅಂತ ಆಫ್ ಆಗುವ ವಿಷಯ. ಪತ್ರದಲ್ಲಿ ನೀವು ಹಾಗೇ ಹೇಳಿಹೋದ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಲೇಸರ್ ಪ್ರಿಂಟರನ್ನು 600 ವಿಎ ಯುಪಿಎಸ್‌ಗೆ ಹಾಕಿದ್ದೀರಿ! ಲೇಸರ್ ಪ್ರಿಂಟರಿನೊಳಗೆ ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಅನ್ನುವ ಬಿಸಿ ರೋಲರ್ ಇರುತ್ತದೆ. ಅದು ಹತ್ತಿರ ಹತ್ತಿರ 200 ಡಿಗ್ರಿಗೆ ಕಾಯಬೇಕು. ಪ್ರಿಂಟ್ ಕೊಟ್ಟ ತಕ್ಷಣ ಆ ಹೀಟರ್ ಒಂದೇ ಏಟಿಗೆ ನೂರಾರು ವ್ಯಾಟ್ ಎಳೆಯುತ್ತದೆ. 600 ವಿಎ ಅಂತ ಬರೆದಿರುವ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಮಾತ್ರ. ಅದರ ಮೇಲೆ ಕಂಪ್ಯೂಟರ್, ಮಾನಿಟರ್ ಬೇರೆ. ಲೈನಿನಲ್ಲಿ ಕರೆಂಟ್ ಚೆನ್ನಾಗಿದ್ದಾಗ ಹೇಗೋ ನಡೆದುಹೋಗುತ್ತದೆ, ವೋಲ್ಟೇಜ್ ಕುಸಿದು ಯುಪಿಎಸ್ ಬ್ಯಾಟರಿಗೆ ತಿರುಗಿದ ಹೊತ್ತಿಗೆ ನೀವು ಪ್ರಿಂಟ್ ಕೊಟ್ಟಿರೋ, ಅಲ್ಲಿಗೆ ಮುಗೀತು. ಒಂದು ದಿನ ಚೆನ್ನಾಗಿದ್ದು ಇನ್ನೊಂದು ದಿನ ಕೈಕೊಡುವುದಕ್ಕೆ ಇದೇ ಕಾರಣ ಇರಬಹುದು. ಪ್ರಿಂಟರನ್ನು ಇವತ್ತೇ ಬೇರೆ ಪ್ಲಗ್ಗಿಗೆ, ಗೋಡೆಗೇ ನೇರ ಹಾಕಿ.

ಯುಪಿಎಸ್ ಬ್ಯಾಟರಿಯನ್ನೂ ನೋಡಿ. ಒಳಗಿರುವ 12 ವೋಲ್ಟಿನ ಪುಟ್ಟ ಸೀಲ್ಡ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸುಸ್ತಾಗುತ್ತದೆ. ಕೆಲಸ ಎಲ್ಲ ಸೇವ್ ಮಾಡಿ, ಬರೀ ನೋಟ್‌ಪ್ಯಾಡ್ ತೆರೆದಿಟ್ಟು ಗೋಡೆಯ ಸ್ವಿಚ್ ಆಫ್ ಮಾಡಿ. ಐದು ನಿಮಿಷವೂ ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ, ಇಡೀ ಯುಪಿಎಸ್ ಎಸೆಯಬೇಕಿಲ್ಲ. ಇಷ್ಟಾದ ಮೇಲೂ ಆಫ್ ಆಗುತ್ತಿದ್ದರೆ ಮುಂದಿನ ಸರದಿ ಎಸ್‌ಎಂಪಿಎಸ್‌ದು, ಅಂದರೆ ಕ್ಯಾಬಿನೆಟ್ಟಿನೊಳಗೆ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿಯದು. ಕ್ಯಾಬಿನೆಟ್ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಬರೆದಿರುತ್ತದೆ, ಆ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಸಿಕ್ಕರೆ ಕಂಪ್ಯೂಟರ್ ಚಾಲೂ ಇರುವಾಗ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಹಳದಿ ಮತ್ತು ಕಪ್ಪು ವೈರಿನ ನಡುವೆ ಅಳೆಸಿ. 11.4 ಮತ್ತು 12.6 ವೋಲ್ಟಿನ ನಡುವೆ ಇರಬೇಕು. ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25. ಇದರಾಚೆ ಹೋದರೆ ಎಸ್‌ಎಂಪಿಎಸ್ ಬದಲಿಸುವುದೇ ಸರಿ. ಆ ಅಳತೆಯೊಳಗೇ ಇದ್ದರೂ ಪೂರ್ತಿ ನಿರಾಳ ಅಂತಲ್ಲ, ಕ್ಷಣಮಾತ್ರ ಕುಸಿಯುವುದನ್ನು ಮೀಟರ್ ತೋರಿಸುವುದಿಲ್ಲ. ಅದಕ್ಕೆ ಸುಲಭದ ದಾರಿ ಅಂದರೆ ಗೊತ್ತಿರುವವರ ಹತ್ತಿರ ಒಳ್ಳೆಯ ಎಸ್‌ಎಂಪಿಎಸ್ ಎರಡು ದಿನಕ್ಕೆ ಕೇಳಿ ಹಾಕಿ ನೋಡುವುದು. ಒಂದು ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ನೀವು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಇನ್ನು ನೀಲಿ ಪರದೆ. ಮಳೆಗಾಲದಲ್ಲಿ ಶುರುವಾಯಿತು ಅಂದಿದ್ದೀರಿ, ಮಲೆನಾಡಿನ ತೇವ ಗೊತ್ತಿರುವ ಯಾರಿಗೂ ಮೊದಲ ಅನುಮಾನ ರ್‍ಯಾಮ್ ಮೇಲೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ, ಕ್ಯಾಬಿನೆಟ್ಟಿನ ಬರೀ ಲೋಹದ ಭಾಗ ಮುಟ್ಟಿ. ಆಮೇಲೆ ಎರಡೂ ರ್‍ಯಾಮ್ ತೆಗೆಯಿರಿ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿ, ಕಂದು ಕಲೆ ಬಿದ್ದ ಹಾಗೆ ಕಾಣಬಹುದು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಚೂರು ಬೋರ್ಡ್ ಮೇಲೆ ಬೀಳದ ಹಾಗೆ ದೂರದಲ್ಲಿ ಒದರಿ, ಒಣಗಿದ ಮೆತ್ತನೆ ಬ್ರಷ್‌ನಲ್ಲಿ ಸ್ಲಾಟ್ ಗುಡಿಸಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಮತ್ತೆ ಕೂರಿಸುವಾಗ ಕೊಂಡಿ ಟಕ್ ಅಂತ ಕಚ್ಚಿಕೊಳ್ಳುವವರೆಗೆ ಒತ್ತಿ. ಬಹಳಷ್ಟು ಹಳೇ ಡೆಸ್ಕ್‌ಟಾಪ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ.

ಸರಿಹೋಯಿತೋ ಇಲ್ಲವೋ ಅಂತ ಊಹೆ ಮಾಡುತ್ತಾ ಕೂರುವುದು ಬೇಡ. ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿ ಬಿಟ್ಟುಹೋಗಿ, ಗುಡುಗು ಮಿಂಚು ಇಲ್ಲದ ರಾತ್ರಿ ನೋಡಿಕೊಂಡು. ಬೆಳಗ್ಗೆ ಒಂದೇ ಒಂದು ಎರರ್ ಇದ್ದರೂ ಫೇಲ್ ಅಂತಲೇ ಲೆಕ್ಕ, ‘ಒಂದೇ ತಾನೇ’ ಅಂತ ಬಿಡುವ ಹಾಗಿಲ್ಲ. ಎರರ್ ಬಂದರೆ ಒಂದೊಂದೇ ರ್‍ಯಾಮ್ ಹಾಕಿ ಪರೀಕ್ಷಿಸಿ. ಯಾವುದರಲ್ಲಿ ಎರರ್ ಬಂತೋ ಅದನ್ನು ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ. ಎರರ್ ಅದರ ಜೊತೆಗೇ ಹೋದರೆ ರ್‍ಯಾಮ್ ಕೆಟ್ಟಿದೆ. ಎರಡು ರ್‍ಯಾಮ್ ಕೂಡ ಒಂದೇ ಸ್ಲಾಟಿನಲ್ಲಿ ಮಾತ್ರ ಎರರ್ ಕೊಟ್ಟರೆ, ಆಗ ಬೋರ್ಡಿನ ಮೇಲೆ ಅನುಮಾನಪಡೋಣ. ಅಂದ ಹಾಗೆ ನಿಮ್ಮ ಪ್ರೊಸೆಸರಿಗೆ ಡಿಡಿಆರ್3 ಜಾತಿಯ ರ್‍ಯಾಮ್‌ನಲ್ಲಿ 1333 ವೇಗವೇ ಗರಿಷ್ಠ, ಬದಲಿ ತರುವಾಗ ಜಾಸ್ತಿ ವೇಗದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ರ್‍ಯಾಮ್ ಪಾಸಾಗಿಯೂ ನೀಲಿ ಪರದೆ ನಿಲ್ಲದಿದ್ದರೆ ನೀವು ತೆಗೆದ ಫೋಟೋ ಕೆಲಸಕ್ಕೆ ಬರುತ್ತದೆ. ‘ಕರ್ನಲ್ ಡೇಟಾ ಇನ್‌ಪೇಜ್ ಎರರ್’ ಅಂತಿದ್ದರೆ ಎಸ್‌ಎಸ್‌ಡಿ ಅಥವಾ ಅದನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ನೋಡಿ. ಎಸ್‌ಎಸ್‌ಡಿ ಹಾಕುವಾಗ ಹಳೇ ಕೇಬಲ್ಲನ್ನೇ ಬಳಸಿರುತ್ತಾರೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ತಪ್ಪು) ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಅದು ಅಗ್ಗ. ‘ಡಬ್ಲ್ಯೂಎಚ್‌ಇಎ ಅನ್‌ಕರೆಕ್ಟಬಲ್ ಎರರ್’ ಬಂದರೆ ಹಾರ್ಡ್‌ವೇರೇ ದೂರು ಕೊಟ್ಟಿದೆ ಅಂತ ಅರ್ಥ, ಬಿಸಿ ಮತ್ತು ವೋಲ್ಟೇಜ್ ಎರಡನ್ನೂ ನೋಡಬೇಕು. ಪ್ರತಿ ಸಲ ಬೇರೆ ಬೇರೆ ಕೋಡ್ ಬರುತ್ತಿದ್ದರೆ ಮತ್ತೆ ರ್‍ಯಾಮ್ ಮತ್ತು ಎಸ್‌ಎಂಪಿಎಸ್ ಕಡೆಗೇ ತಿರುಗಿ. ಒಂದೇ ಡ್ರೈವರ್ ಫೈಲಿನ ಹೆಸರು ಪದೇ ಪದೇ ಕಂಡರೆ ಮಾತ್ರ ಸಾಫ್ಟ್‌ವೇರ್ ಮೇಲೆ ಅನುಮಾನಪಡಿ.

ಬಿಸಿ ಎಷ್ಟಿದೆ ಅಂತ ತಿಳಿಯಲು ಎಚ್‌ಡಬ್ಲ್ಯೂ ಮಾನಿಟರ್ ಥರದ ತಂತ್ರಾಂಶವೊಂದನ್ನು ಹಾಕಿ ನೋಡಿ. ಜೋರು ಕೆಲಸದಲ್ಲಿ ಪ್ರೊಸೆಸರ್ 70 ಡಿಗ್ರಿಯ ಆಸುಪಾಸು ಇದ್ದರೆ ಪರವಾಗಿಲ್ಲ, 90 ದಾಟಿದರೆ ಕೂಲರ್ ತೆಗೆದು ಧೂಳು ಕೊಡವಿ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿ. ಇಂಟೆಲ್ ಜೊತೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಸಡಿಲವಾಗಿ ಎದ್ದಿರುವುದೂ ಇದೆ, ಬೆರಳಿನಿಂದ ಅಲುಗಾಡಿಸಿ ನೋಡಿದರೆ ಗೊತ್ತಾಗುತ್ತದೆ. ಕ್ಯಾಬಿನೆಟ್ ತೆರೆದಾಗಲೇ ಪ್ರೊಸೆಸರ್ ಸುತ್ತ ನಿಂತಿರುವ ಉರುಟು ಕೆಪಾಸಿಟರುಗಳ ನೆತ್ತಿ ನೋಡಿ. ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ರಿಪೇರಿಯವರು ಹೇಳಿದ ಹಾಗೆ ಬೋರ್ಡೇ. ಹಾಗೆ ಕಂಡರೂ ಎಸೆಯುವ ಮುಂಚೆ ಟಿವಿ ರಿಪೇರಿ ಮಾಡುವವರಿಗೆ ತೋರಿಸಿ, ಒಂದೆರಡು ಕೆಪಾಸಿಟರ್ ಬದಲಿಸುವುದು ಅವರಿಗೆ ದಿನನಿತ್ಯದ ಕೆಲಸ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರಿಂಟರ್ ಬೇರೆ ಮಾಡಿ, ರ್‍ಯಾಮ್ ಉಜ್ಜಿ, ಕೇಬಲ್ ಬದಲಿಸಿ ಎಲ್ಲ ಒಂದೇ ದಿನ ಮಾಡಿದರೆ ಸರಿಹೋದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಮತ್ತೆ ಕೆಟ್ಟಾಗ ಮೊದಲಿಂದ ಶುರು ಮಾಡಬೇಕು.

ಪ್ರಶ್ನೆ: ನನ್ನ ಹಳೇ ಪಿಸಿಯ ಗಡಿಯಾರ ದಿನಾ ಬೆಳಗ್ಗೆ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಬ್ಯಾಂಕಿನ ಸೈಟು ತೆರೆಯುವುದಿಲ್ಲ. ನಿನ್ನೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನೀಲಿ ಪರದೆಯೂ ಬಂತು. ಡಿಸ್ಕ್ ಹೋಯಿತಾ? (ದಾವಣಗೆರೆಯ ಓದುಗರು)

ಉತ್ತರ: ಡಿಸ್ಕಿಗೆ ಏನೂ ಆಗಿರಲಿಕ್ಕಿಲ್ಲ. ಬೋರ್ಡಿನಲ್ಲಿರುವ ನಾಣ್ಯದಂಥ ಸೆಲ್ ಖಾಲಿಯಾಗಿದೆ. ಸಿಆರ್2032, 3 ವೋಲ್ಟ್, ಗೋಡೆ ಗಡಿಯಾರ ಮಾರುವ ಅಂಗಡಿಯಲ್ಲೂ ಸಿಗುತ್ತದೆ. ತಾರೀಖು ತಪ್ಪಿದರೆ ಬ್ಯಾಂಕಿನ ಸೈಟಿನ ಭದ್ರತಾ ಪ್ರಮಾಣಪತ್ರ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ತಿಳಿದುಕೊಂಡು ಬಾಗಿಲು ಹಾಕುತ್ತದೆ. ಸೆಲ್ ಸತ್ತಾಗ ಬಯೋಸ್ (ವಿಂಡೋಸ್‌ಗೂ ಮೊದಲು ಏಳುವ ಬೋರ್ಡಿನದ್ದೇ ತಂತ್ರಾಂಶ) ಸೆಟ್ಟಿಂಗೂ ಮರೆತುಹೋಗುತ್ತದೆ. ಕೆಲವು ಹಳೇ ಬೋರ್ಡುಗಳಲ್ಲಿ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ತಾನಾಗಿ ಹಳೇ ಐಡಿಇಗೆ ಹೋಗಿಬಿಡುತ್ತದೆ. ಅದಕ್ಕಿಂತ ಹೊಸ ರೀತಿಯಾದ ಎಎಚ್‌ಸಿಐನಲ್ಲಿ ಹಾಕಿದ ವಿಂಡೋಸ್ ಆಗ ಡಿಸ್ಕನ್ನೇ ಗುರುತಿಸದೆ ಈ ನೀಲಿ ಪರದೆ ಕೊಡುತ್ತದೆ. ಸೆಲ್ ಹಾಕಿ, ಬಯೋಸ್‌ನಲ್ಲಿ ತಾರೀಖು ಸರಿಮಾಡಿ, ಸಾಟಾ ಮೋಡನ್ನು ಎಎಚ್‌ಸಿಐಗೆ ತಿರುಗಿಸಿ. ಯಾರಾದರೂ ಇದಕ್ಕೂ ಫಾರ್ಮ್ಯಾಟ್ ಅಂದರೆ ಬೇಡ ಅನ್ನಿ.

ಪ್ರಶ್ನೆ: ಮೂರನೇ ತಲೆಮಾರಿನ ಐ5 ಇದೆ, ಆಗಾಗ ಹ್ಯಾಂಗ್ ಆಗುತ್ತದೆ. ವಿಂಡೋಸ್ 11 ಹಾಕಿದರೆ ಸರಿಹೋಗುತ್ತದಾ? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ. ಹ್ಯಾಂಗ್ ಆಗುವುದಕ್ಕೂ 11ಕ್ಕೂ ಸಂಬಂಧವಿಲ್ಲ. ಮೈಕ್ರೋಸಾಫ್ಟ್ ನಿಯಮದ ಪ್ರಕಾರ ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು. ಅಡ್ಡದಾರಿಗಳಿವೆ, ಆದರೆ ಮೊದಲೇ ತಕರಾರು ಮಾಡುವ ಯಂತ್ರಕ್ಕೆ ಅದನ್ನು ಹಾಕಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗದು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಅನ್ನುವುದು ನಿಜ, ಅದರ ಬಗ್ಗೆ ಯೋಚಿಸಬೇಕಾದ್ದೂ ಹೌದು. ಮೊದಲು ವಿಂಡೋಸ್‌ನಂಥದ್ದೇ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ ಒಂದು ಭಾನುವಾರ ಪೂರ್ತಿ ಬಳಸಿ ನೋಡಿ. ಅಲ್ಲೂ ಹ್ಯಾಂಗ್ ಆದರೆ ಹಾರ್ಡ್‌ವೇರ್, ಮೇಲಿನ ಶಿರಸಿಯವರಿಗೆ ಹೇಳಿದ್ದೇ ನಿಮಗೂ. ಅಲ್ಲಿ ಚೆನ್ನಾಗಿ ಓಡಿತೋ, ವಿಂಡೋಸ್ ಇಲ್ಲವೇ ಅದಿರುವ ಡಿಸ್ಕ್ ಮೇಲೆ ಅನುಮಾನ. ಡಿಸ್ಕನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೋಡಿ. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ (ಓದಲು ತಕರಾರು ಮಾಡುತ್ತಿರುವ ಡಿಸ್ಕಿನ ಜಾಗಗಳ ಲೆಕ್ಕ) ಸೊನ್ನೆ ಇಲ್ಲದಿದ್ದರೆ ಪ್ರಾಜೆಕ್ಟ್ ಫೈಲುಗಳನ್ನೆಲ್ಲ ಮೊದಲು ಬೇರೆ ಕಡೆ ಇಟ್ಟುಕೊಳ್ಳಿ, ಆಮೇಲೆ ಡಿಸ್ಕ್ ಬದಲಿಸಿ.