ವಿಜಯಪುರದ ಮನೆ, ಪಶ್ಚಿಮಕ್ಕೆ ಕಿಟಕಿ: ಹಾಲ್‌ಗೆ ಎಂಥ ಪರದೆ ಹಾಕಿಸಬೇಕು?

ಗೋಡೆ ತಿಳಿ ಹಳದಿ, ಸೋಫಾ ಹೂವಿನ ಡಿಸೈನಿನದು ಅಂದಿದ್ದೀರಿ. ಬಣ್ಣಕ್ಕಿಂತ ಮೊದಲು ಬಿಸಿಲು ನೋಡಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಧ್ಯಾಹ್ನದ ಮೇಲೆ ಆ ಕಿಟಕಿ ಒಲೆಯೇ ಸರಿ. ಪರದೆಯ ಹಿಂಬದಿಗೆ ಬಿಳಿ ಲೈನಿಂಗ್ ಕೊಡಿಸಿ. ಸೆಕೆ ಕಡಿಮೆ ಆಗುತ್ತದೆ, ಮುಂದಿನ ಬಟ್ಟೆಯೂ ಬೇಗ ಮಾಸುವುದಿಲ್ಲ.

ಸೋಫಾದಲ್ಲೇ ಹೂವಿರುವಾಗ ಪರದೆ ಪ್ಲೇನ್ ಇರಲಿ. ಇಟ್ಟಿಗೆ ಬಣ್ಣದ ದಪ್ಪ ಕಾಟನ್ ಚೆನ್ನಾಗಿ ಒಪ್ಪುತ್ತದೆ. ತೀರಾ ಸಪ್ಪೆ ಅನಿಸಿದರೆ ಕೆಳಗೆ ಗುಳೇದಗುಡ್ಡ ಖಣದ ಒಂದು ಗೇಣು ಪಟ್ಟಿ ಹೊಲಿಸಿ. ಇಡೀ ಪರದೆ ಖಣದ್ದೇ ಬೇಡ, ಕಣ್ಣಿಗೆ ಜಾಸ್ತಿ ಆಗುತ್ತದೆ. ಹೊಲಿಸುವ ಮೊದಲು ಖಣದ ತುದಿ ನೆನೆಸಿ ನೋಡಿ, ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ.

ರಾಡ್ ಮಾತ್ರ ಚೌಕಟ್ಟಿಗಿಂತ ಎರಡೂ ಕಡೆ 6 ಇಂಚು ಉದ್ದ ಇರಲಿ. ಸಂಜೆ ಪರದೆ ಸರಿಸಿದಾಗ ಗಾಳಿಗೆ ಅಡ್ಡ ಬರುವುದಿಲ್ಲ.