ಸಂಗೀತ, ಪ್ರವಾಸದ ಆಸೆ ಸ್ವಾರ್ಥವೇ? ಓದು ಬಿಟ್ಟು ಸೇವೆಗೆ ಇಳಿಯಲೇ?

ಪ್ರಶ್ನೆ: ನನಗೆ 20 ವರ್ಷ, ಪದವಿಯ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಸಂಗೀತವೆಂದರೆ ಪ್ರಾಣ. ದೇಶ ಸುತ್ತುವ ಆಸೆಯಿದೆ, ಓದಬೇಕಾದ ಪುಸ್ತಕಗಳ ಪಟ್ಟಿ ಬೆಳೆಯುತ್ತಲೇ ಇದೆ. ಆದರೆ ಕಷ್ಟದಲ್ಲಿರುವವರನ್ನು ಕಂಡಾಗಲೆಲ್ಲ ನನ್ನ ಆಸೆಗಳು ಬರೀ ಸ್ವಾರ್ಥವೆನಿಸಿ ನಾಚಿಕೆಯಾಗುತ್ತದೆ. ಓದು ಬಿಟ್ಟು ಪೂರ್ಣಾವಧಿ ಸೇವೆಗೆ ಇಳಿದುಬಿಡಲೇ ಎಂದು ಹಲವು ಬಾರಿ ಯೋಚಿಸಿದ್ದೇನೆ. ಮನೆಯವರು ‘ಮೊದಲು ನಿನ್ನ ಕಾಲ ಮೇಲೆ ನಿಲ್ಲು, ಊರ ಉಸಾಬರಿ ಆಮೇಲೆ’ ಎನ್ನುತ್ತಾರೆ. ಕಳೆದ ವರ್ಷ ಪ್ರತಿದಿನ ಸಂಜೆ ಕೆಲವು ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದೆ. ಮೂರೇ ತಿಂಗಳಲ್ಲಿ ಬಳಲಿ, ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಆ ಕೊರಗು ಇನ್ನೂ ಹೋಗಿಲ್ಲ. ಬದುಕನ್ನು ಪೂರ್ಣವಾಗಿ ಬದುಕುತ್ತಲೇ ಇತರರಿಗೆ ನೆರವಾಗಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರದ ನಡುವೆ ಬಂದಿರುವ ‘ನಾಚಿಕೆ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಸೇವೆಯ ಹಂಬಲಕ್ಕೆ ನಾಚಿಕೆಯೇ ಮೂಲವಾದಾಗ ಆ ಹಂಬಲ ಬಹಳ ದಿನ ಬಾಳುವುದನ್ನು ನಾನು ಕಂಡಿಲ್ಲ. ಮನಸಾರೆ ಮಾಡಿದ ನೆರವು ಮತ್ತು ತಪ್ಪಿತಸ್ಥ ಭಾವಕ್ಕೆ ಮಣಿದು ಮಾಡಿದ ನೆರವು ಹೊರಗಿನಿಂದ ಒಂದೇ ರೀತಿ ಕಾಣಬಹುದು, ಫಲ ಮಾತ್ರ ಬೇರೆ. ಮನೋವಿಜ್ಞಾನಿಗಳಾದ ನೆಟ್ಟಾ ವೈನ್‌ಸ್ಟೈನ್ ಮತ್ತು ರಿಚರ್ಡ್ ರಯಾನ್ 2010ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ತಾವಾಗಿಯೇ ಇಷ್ಟಪಟ್ಟು ನೆರವಾದವರ ನೆಮ್ಮದಿ ಹೆಚ್ಚಿದ್ದು ಕಂಡುಬಂತು; ಒತ್ತಾಯಕ್ಕೆ ಒಳಗಾಗಿ ನೆರವಾದವರಿಗೆ ಆ ಲಾಭ ದೊರೆಯಲಿಲ್ಲ. ಹಾಗೆ ಇಷ್ಟಪಟ್ಟು ನೀಡಿದ ನೆರವು ಪಡೆದವರಿಗೂ ಹೆಚ್ಚಿನ ಹಿತ ತಂದಿತ್ತು ಎಂಬುದು ನೀವು ವಿಶೇಷವಾಗಿ ಗಮನಿಸಬೇಕಾದ ಅಂಶ. ನಿಮ್ಮ ಮೇಲೆ ನೀವೇ ಹೇರಿಕೊಂಡ ಒತ್ತಾಯವೂ ಒತ್ತಾಯವೇ.

ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ಒಂದು ಬದುಕನ್ನು ನೆನಪಿಸಬೇಕೆನಿಸುತ್ತದೆ. 1875ರಲ್ಲಿ ಹುಟ್ಟಿದ ಆಲ್ಬರ್ಟ್ ಶ್ವೈಟ್ಜರ್‌ಗೂ ಹೆಚ್ಚು ಕಡಿಮೆ ನಿಮ್ಮ ವಯಸ್ಸಿನಲ್ಲೇ ಈ ಗೊಂದಲ ಕಾಡಿತ್ತು. ಸುತ್ತಲಿನ ಅನೇಕರು ನೋವಿನಲ್ಲಿರುವಾಗ ತಾನೊಬ್ಬ ಸುಖವಾಗಿರುವುದು ಸರಿಯೇ ಎಂದು ಯೋಚಿಸಿದ ಅವರು, 1896ರಲ್ಲಿ, 21ನೇ ವಯಸ್ಸಿನಲ್ಲಿ, ಒಂದು ನಿರ್ಧಾರಕ್ಕೆ ಬಂದರು: 30 ವರ್ಷ ತುಂಬುವವರೆಗೆ ವಿದ್ಯೆಗೂ ಸಂಗೀತಕ್ಕೂ ಬದುಕನ್ನು ಮೀಸಲಿಡುವುದು, ಅಲ್ಲಿಂದ ಮುಂದೆ ಜನರ ನೇರ ಸೇವೆಗೆ ತೊಡಗುವುದು. ಆ ಒಂಬತ್ತು ವರ್ಷಗಳನ್ನು ಅವರು ಅಳುಕಿಲ್ಲದೆ ಬದುಕಿದರು; ತತ್ತ್ವಶಾಸ್ತ್ರ ಮತ್ತು ದೇವತಾಶಾಸ್ತ್ರ ಓದಿದರು, ಆರ್ಗನ್ ವಾದಕರಾಗಿ ಹೆಸರು ಮಾಡಿದರು. 1905ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರಿ, 1913ರಲ್ಲಿ ಆಫ್ರಿಕಾದ ಇಂದಿನ ಗ್ಯಾಬನ್ ದೇಶದ ಲಂಬರೇನೆಗೆ ಹೋಗಿ ಆಸ್ಪತ್ರೆ ಕಟ್ಟಿದರು. ಅಲ್ಲಿಗೆ ಹೋಗುವಾಗಲೂ ಅವರು ಸಂಗೀತವನ್ನು ತ್ಯಜಿಸಲಿಲ್ಲ. ಉಷ್ಣ ಪ್ರದೇಶದ ಹವೆಗೆ ತಕ್ಕಂತೆ ತಯಾರಿಸಿದ ಪಿಯಾನೊ ಒಂದು ಅವರ ಜೊತೆಗೇ ಪ್ರಯಾಣ ಮಾಡಿತು, ಮುಂದೆ ಯುರೋಪಿನಲ್ಲಿ ಅವರು ನೀಡಿದ ಕಛೇರಿಗಳಿಂದ ಬಂದ ಹಣವೇ ಆಸ್ಪತ್ರೆಯ ಆಧಾರಗಳಲ್ಲಿ ಒಂದಾಯಿತು. ನಿಮಗೆ ಸ್ವಾರ್ಥವೆಂದು ಕಾಣುತ್ತಿರುವ ಸಂಗೀತವೇ ಅಲ್ಲಿ ರೋಗಿಗಳ ಔಷಧಿಗೆ ಒದಗಿತು.

ಇದನ್ನು ಓದಿ ನೀವೂ 30 ವರ್ಷದವರೆಗೆ ಕಾಯಬೇಕೆಂದು ನಾನು ಹೇಳುತ್ತಿಲ್ಲ. ಓದು ಬಿಡಬೇಡಿ ಎಂದು ಮಾತ್ರ ಸ್ಪಷ್ಟವಾಗಿಯೇ ಹೇಳುತ್ತೇನೆ. ಕಾಯಿಲೆ ಬಿದ್ದವರಿಗೆ ವೈದ್ಯರ ತಿಳಿವಳಿಕೆ, ಅನ್ಯಾಯಕ್ಕೊಳಗಾದವರಿಗೆ ಕಾನೂನು ಬಲ್ಲವರ ಮಾತು, ಕುಡಿಯುವ ನೀರಿಲ್ಲದ ಕಡೆ ಎಂಜಿನಿಯರರ ಲೆಕ್ಕಾಚಾರ ಬೇಕಾಗುತ್ತದೆ. ಬರೀ ಒಳ್ಳೆಯ ಮನಸ್ಸು ಹೊತ್ತು ಬಂದವರಿಗೆ ಇವುಗಳಲ್ಲಿ ಯಾವುದನ್ನೂ ಕೊಡಲಾಗದು. ನಿಮ್ಮ ಮನೆಯವರ ಮಾತಿನಲ್ಲಿ ಈ ಮಟ್ಟಿಗೆ ಸತ್ಯವಿದೆ. ಆದರೆ ಅವರು ಬಳಸುವ ‘ಆಮೇಲೆ’ ಎಂಬ ಪದಕ್ಕೆ ಗಡುವಿಲ್ಲ. ಕೆಲಸ ಸಿಕ್ಕ ಮೇಲೆ, ಮನೆ ಕಟ್ಟಿದ ಮೇಲೆ, ಮಕ್ಕಳು ದೊಡ್ಡವರಾದ ಮೇಲೆ ಎಂದು ಅದು ಮುಂದೆ ಮುಂದೆ ಸರಿಯುತ್ತಲೇ ಹೋಗಬಹುದಾದ್ದರಿಂದ, ಸಣ್ಣದೊಂದು ಪಾಲನ್ನು ಈಗಿನಿಂದಲೇ ತೆಗೆದಿರಿಸುವುದು ಮೇಲು.

ಈಗ ನೀವು ನಿಲ್ಲಿಸಿದ ಪಾಠದ ವಿಷಯಕ್ಕೆ ಬರೋಣ. ಕಾಲೇಜು ಮುಗಿಸಿ, ವಾರದ ಪ್ರತಿ ಸಂಜೆಯೂ ಮಕ್ಕಳ ಮುಂದೆ ನಿಂತು, ರಾತ್ರಿ ನಿಮ್ಮ ಓದಿಗೆ ಕೂರುವ ದಿನಚರಿಯಲ್ಲಿ ಯಾರಾದರೂ ಬಳಲುತ್ತಿದ್ದರು. ನಿಮ್ಮ ಕರುಣೆ ಕಡಿಮೆಯಿತ್ತೆಂದು ಅದರಿಂದ ತೀರ್ಮಾನಿಸಬೇಕಿಲ್ಲ. ದೇಹದ ದಣಿವಿನ ಜೊತೆಗೆ ಇನ್ನೊಂದು ಕಾರಣವೂ ಇದ್ದಿರಬಹುದು. ನರವಿಜ್ಞಾನಿಗಳಾದ ತಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ಸಂಶೋಧನೆಯು, ಇನ್ನೊಬ್ಬರ ನೋವನ್ನು ತನ್ನದೇ ನೋವಾಗಿ ಅನುಭವಿಸುವುದಕ್ಕೂ, ಅವರಿಗೆ ಒಳಿತಾಗಲಿ ಎಂಬ ಅಕ್ಕರೆಯಿಂದ ಅವರ ಜೊತೆ ನಿಲ್ಲುವುದಕ್ಕೂ ವ್ಯತ್ಯಾಸವಿದೆಯೆಂದು ತೋರಿಸಿದೆ. ಮೊದಲನೆಯದು ಸಂಕಟವನ್ನು ಹೆಚ್ಚಿಸಿ ಕ್ರಮೇಣ ನಮ್ಮನ್ನು ದೂರ ಸರಿಯುವಂತೆ ಮಾಡಬಲ್ಲದು. ಎರಡನೆಯದನ್ನು ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು, ಅದು ಮನಸ್ಸಿಗೆ ಬಲವನ್ನೂ ಕೊಡುತ್ತದೆ. ಒಂದು ಮಗುವಿನ ಮನೆಯ ಕಷ್ಟವನ್ನೆಲ್ಲ ಹೊತ್ತುಕೊಂಡು ನಿದ್ದೆಗೆಟ್ಟ ಮೇಷ್ಟರಿಗಿಂತ, ಆ ಮಗುವಿಗೆ ಭಿನ್ನರಾಶಿ ಅರ್ಥವಾಗುವವರೆಗೆ ತಾಳ್ಮೆಯಿಂದ ಕೂತ ಮೇಷ್ಟರು ಆ ಮಗುವಿಗೆ ಹೆಚ್ಚು ಒದಗುತ್ತಾರೆ.

ಬದುಕನ್ನು ‘ಪೂರ್ಣವಾಗಿ’ ಬದುಕುವುದೆಂದರೆ ಪ್ರತಿ ಗಂಟೆಯನ್ನೂ ಏನಾದರೊಂದರಿಂದ ತುಂಬುವುದು ಎಂಬ ಭಾವನೆ ಇಂದಿನ ವಿದ್ಯಾರ್ಥಿಗಳಲ್ಲಿ ಬಲವಾಗಿದೆ, ನಿಮ್ಮ ಪತ್ರದಲ್ಲೂ ಅದರ ನೆರಳಿದೆ. 1973ರಲ್ಲಿ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಎಚ್ಚರಿಕೆಯಂತಿದೆ. ಅವರು ದೇವತಾಶಾಸ್ತ್ರದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳುಹಿಸಿ, ದಾರಿಯಲ್ಲಿ ಕುಸಿದು ಕೂತು ನರಳುವ ವ್ಯಕ್ತಿಯೊಬ್ಬನನ್ನು ಇರಿಸಿದ್ದರು. ಅವಸರವಿಲ್ಲದವರಲ್ಲಿ ಶೇ 63ರಷ್ಟು ಮಂದಿ ನೆರವಿಗೆ ನಿಂತರು. ‘ತಡವಾಯಿತು, ಬೇಗ ಹೋಗಿ’ ಎಂದು ಹೇಳಿ ಕಳುಹಿಸಿದವರಲ್ಲಿ ನಿಂತವರು ಶೇ 10 ಮಾತ್ರ. ಅವರಲ್ಲಿ ಕೆಲವರು ಹೊರಟಿದ್ದುದು ಪರೋಪಕಾರದ ಕಥೆಯನ್ನೇ ಕುರಿತು ಉಪನ್ಯಾಸ ನೀಡಲು. ವಾರದಲ್ಲಿ ಕೆಲವು ಗಂಟೆಗಳನ್ನಾದರೂ ಯಾವುದಕ್ಕೂ ಗೊತ್ತುಮಾಡದೆ ಖಾಲಿ ಬಿಡಿ. ನೊಂದ ಗೆಳೆಯನ ಮಾತು ಕೇಳಲು ಬೇಕಾಗುವುದು ಅಂಥ ಹೊತ್ತೇ.

ಈಗಲೇ ಕಲಿಯಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ: ಪ್ರಥಮ ಚಿಕಿತ್ಸೆ. ಹೃದಯ ಸ್ತಂಭನವಾದವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು. ಆಂಬುಲೆನ್ಸ್ ಬರುವವರೆಗೆ ಆ ವೇಗವನ್ನು ಕಾಯ್ದುಕೊಳ್ಳುವುದು ಅನೇಕರಿಗೆ ಕಷ್ಟ. ಲಯಜ್ಞಾನವಿರುವ ನಿಮಗೆ ಅದು ಬೇಗ ಕೈಗೂಡೀತು. ತರಬೇತಿ ಪಡೆದವರ ಕೈಕೆಳಗೆ ಕೆಲವೇ ಗಂಟೆಗಳಲ್ಲಿ ಇದನ್ನು ಅಭ್ಯಾಸ ಮಾಡಬಹುದು.

ಶ್ವೈಟ್ಜರ್ ಅವರ ಬಗ್ಗೆ ಹೇಳಿದ ಮೇಲೆ ಅವರ ಮೇಲಿರುವ ಟೀಕೆಯನ್ನೂ ಹೇಳದಿದ್ದರೆ ಅಪ್ರಾಮಾಣಿಕವಾದೀತು. ತಾವು ದಶಕಗಳ ಕಾಲ ಸೇವೆ ಮಾಡಿದ ಆಫ್ರಿಕಾದ ಜನರನ್ನು ಅವರು ಸಮಾನರಾಗಿ ಕಾಣದೆ ಕಿರಿಯರಂತೆ ಕಂಡರು ಎಂಬ ಆ ಟೀಕೆಯಲ್ಲಿ ಹುರುಳಿದೆ. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಭಾವ ಅಷ್ಟು ದೊಡ್ಡವರಲ್ಲೂ ನುಸುಳಿತೆಂದರೆ ನಾವು ಇನ್ನಷ್ಟು ಎಚ್ಚರದಿಂದಿರಬೇಕು. ಏನು ಕೊಡಬೇಕೆಂದು ನಿರ್ಧರಿಸುವ ಮೊದಲು, ಏನು ಬೇಕೆಂದು ಅವರನ್ನೇ ಕೇಳಿ. ಉತ್ತರ ನಿಮ್ಮ ಎಣಿಕೆಗಿಂತ ಬೇರೆಯಾಗಿದ್ದರೆ ಅದನ್ನೇ ನಂಬಿ.

ಆ ಕೇಳುವಿಕೆಯನ್ನು ನೀವು ಪಾಠ ಹೇಳುತ್ತಿದ್ದ ಮಕ್ಕಳಿಂದಲೇ ಆರಂಭಿಸಬಹುದು. ಹೇಳದೆ ನಿಲ್ಲಿಸಿದ್ದೊಂದೇ ಈ ಪ್ರಕರಣದಲ್ಲಿ ನನಗೆ ತಪ್ಪಾಗಿ ಕಾಣುವುದು, ಏಕೆಂದರೆ ದಿನವೂ ಬರುತ್ತಿದ್ದವರು ಇದ್ದಕ್ಕಿದ್ದಂತೆ ಬಾರದಾದರೆ ಮಕ್ಕಳು ಎಷ್ಟೋ ಸಲ ತಮ್ಮಿಂದಲೇ ಏನೋ ತಪ್ಪಾಗಿದೆ ಎಂದುಕೊಳ್ಳುತ್ತಾರೆ. ಈ ವಾರವೇ ಅಲ್ಲಿಗೆ ಹೋಗಿ, ದಣಿದಿದ್ದೆ ಎಂಬ ನಿಜವನ್ನು ಅವರಿಗೆ ಅರ್ಥವಾಗುವಂತೆ ಹೇಳಿ. ಇನ್ನು ಮುಂದೆ ವಾರಕ್ಕೆ ಒಂದೇ ಸಂಜೆ, ಅದೂ ಪರೀಕ್ಷೆಯ ತಿಂಗಳನ್ನು ಬಿಟ್ಟು ಬರಬಲ್ಲೆ ಎಂದು ತಿಳಿಸಿ, ಯಾವ ಪಾಠ ಬೇಕೆಂದು ಅವರನ್ನೇ ಕೇಳಿ. ಪಾಠ ಮುಗಿದ ಮೇಲೆ ಹತ್ತು ನಿಮಿಷ ಉಳಿದರೆ ನಿಮಗೆ ಇಷ್ಟವಾದ ಹಾಡೊಂದನ್ನು ಅವರಿಗೆ ಹೇಳಿಕೊಡಿ.